ಆನೆ ಅಲರ್ಟ್ ಥರ ಕಾಡ್ಗಿಚ್ಚಿಗೂ ಫೋನ್ ಬರೋ ಹಾಗೆ ಮಾಡಬಹುದಾ?

ಗಿರಿಬುಡದವ, ಚಿಕ್ಕಮಗಳೂರು:
ನಮ್ಮ ತೋಟ ಮುಳ್ಳಯ್ಯನಗಿರಿ ಬುಡದಲ್ಲಿ. ಫೆಬ್ರವರಿ ಬಂತು ಅಂದ್ರೆ ಗುಡ್ಡದ ಹುಲ್ಲೆಲ್ಲ ಒಣಗಿ ನಿಂತಿರುತ್ತೆ. ಒಂದು ಬೀಡಿ ತುಂಡು ಸಾಕು. ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅಂತ ಮೆಸೇಜು, ಕಾಲ್ ಬರುತ್ತಲ್ಲ, ಬೆಂಕಿಗೂ ಹಾಗೇ ಮಾಡಿಸೋಕೆ ಪಂಚಾಯ್ತಿಗೆ ಅರ್ಜಿ ಕೊಡೋಣ ಅಂತಿದೀವಿ. ತೋಟದವರ ನಂಬರೆಲ್ಲ ಪಟ್ಟಿ ಮಾಡ್ತಾ ಇದೀವಿ. ಬಳಸಿದವರು ಹೇಳಿ, ಪ್ರಯೋಜನ ಇದೆಯಾ?

ಹೆತ್ತೂರು ಕಾಫಿ:
ಇದೆ ಸಾರ್. ಆದ್ರೆ ಪಟ್ಟಿಲಿ ಯಾರಿದಾರೆ ನೋಡ್ಕೊಳ್ಳಿ. ನಮ್ಮಲ್ಲಿ ಮೊದಲು ಕೊಟ್ಟಿದ್ದು ಪಹಣಿಲಿ ಹೆಸರಿರೋರ ನಂಬರು. ಬೆಳಿಗ್ಗೆ ಫೋನ್ ಹೊಡ್ಕೊಂಡಿದ್ದು ಬೆಂಗಳೂರಿನ ಜಯನಗರದಲ್ಲಿ. ಇಲ್ಲಿ ಲೈನ್ ಮನೆಲಿರೋ ಕೂಲಿಯೋರು ಕತ್ತಿ, ಬುತ್ತಿ ಹಿಡ್ಕೊಂಡು ಆನೆ ಇದ್ದ ಬ್ಲಾಕಿಗೇ ಹೊರಟಿದ್ರು, ತೋಟದ ಲೆಕ್ಕ ಬರೆಯೋ ರೈಟರ್ ಓಡಿಹೋಗಿ ತಡೆದ. ಈಗ ರೈಟರ್, ಮೇಸ್ತ್ರಿ, ಲೈನಿಗೊಬ್ಬರದ್ದು ನಂಬರ್ ಹಾಕಿದೀವಿ. ಅಸ್ಸಾಮಿಂದ ಬಂದ ಕೂಲಿಯೋರಿಗೆ ಕನ್ನಡ ಮೆಸೇಜ್ ಓದಕ್ಕೆ ಬರಲ್ಲ, ಹಿಂದಿ ಕಾಲೇ ಬೇಕು. ಊರಿಗೆ ಹೋಗಿ ಬಂದ್ರೆ ಸಿಮ್ಮೂ ಬೇರೆ ಆಗಿರುತ್ತೆ!

ಟವರ್ ಕೆಲಸದವ, ಹಾಸನ:
ಪಟ್ಟಿ ಒಂದನ್ನೇ ನಂಬ್ಕೊಂಡು ಕೂರಬೇಡಿ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಿಗೆ 2018ರ ನವೆಂಬರ್ 8ರಂದು ಬಿದ್ದ ಬೆಂಕಿಯಲ್ಲಿ 85 ಜನ ಸತ್ತರು. ಅಲ್ಲೂ ಎಚ್ಚರಿಕೆ ಕಾಲ್ ವ್ಯವಸ್ಥೆ ಇತ್ತು. ಮೊಬೈಲಿಗೆ ಬರಬೇಕಾದರೆ ಮೊದಲೇ ನೋಂದಾಯಿಸಿರಬೇಕಿತ್ತು, ಬಹಳ ಜನ ನೋಂದಾಯಿಸಿರಲೇ ಇಲ್ಲ. ಮೇಲಿಂದ ಟವರುಗಳೂ ಸುಟ್ಟವು. 2023ರ ಆಗಸ್ಟಿನಲ್ಲಿ ಹವಾಯಿಯ ಲಹೈನಾದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಟ್ಟವು. ಸೈರನ್ ಇತ್ತು, ಊದಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮೆಲ್ಲರ ಫೋನೂ ಒಟ್ಟಿಗೇ ಕಿರುಚಿದ್ದು ನೆನಪಿದೆಯಾ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಅದಕ್ಕೆ ನಂಬರೇ ಬೇಡ. ಆ ಟವರಿನ ವ್ಯಾಪ್ತಿಯಲ್ಲಿ ಯಾರ ಫೋನಿದ್ದರೂ ಒಂದೇ ಸಲಕ್ಕೆ ಹೋಗುತ್ತೆ, ಟ್ರೆಕ್ಕಿಂಗಿಗೆ ಬಂದವರಿಗೂ. ಆದರೆ ಹಳೇ ಕೀಪ್ಯಾಡ್ ಫೋನುಗಳಿಗೂ ಇದು ಬರುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಅರ್ಜಿಯನ್ನ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಡಿ, ಅದಕ್ಕೆ ಡಿಸಿಯೇ ಅಧ್ಯಕ್ಷರು. ‘ಬೆಂಕಿ ಬಿದ್ದಿದೆ’ ಅಂದ್ರೆ ಸಾಲದು, ಯಾವ ರಸ್ತೆ ಹಿಡಿದು ಎಲ್ಲಿಗೆ ಹೋಗಬೇಕು ಅಂತ ಮೆಸೇಜಲ್ಲೇ ಇರಬೇಕು.

ಹೆತ್ತೂರು ಕಾಫಿ:
ಉಪಗ್ರಹದಲ್ಲಿ ಬೆಂಕಿ ನೋಡಿ ಎಸ್ಸೆಮ್ಮೆಸ್ ಕಳಿಸ್ತಾರಂತಲ್ಲ?

ಟವರ್ ಕೆಲಸದವ, ಹಾಸನ:
ಹೌದು, ಭಾರತೀಯ ಅರಣ್ಯ ಸರ್ವೇಕ್ಷಣೆಯವರು. ಅರಣ್ಯ ಇಲಾಖೆಯವರಿಗೆ ಬಹಳ ಉಪಯೋಗ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತೆ, ಗಾಳಿ ಎದ್ದರೆ ಹುಲ್ಲಿನ ಬೆಂಕಿ ಅಲ್ಲೀತನಕ ಕಾಯಲ್ಲ.

ಗಿರಿಬುಡದವ, ಚಿಕ್ಕಮಗಳೂರು:
ಡಿಸಿ ಆಫೀಸಿಗೇ ಕೊಡ್ತೀವಿ. ಟವರ್ ಹೋದ್ರೆ ಅಂತ ದೇವಸ್ಥಾನದ ಮೈಕಿಗೂ ಒಂದು ಬ್ಯಾಟರಿ ಇಡಿಸ್ತೀವಿ. ಪಟ್ಟಿಗೆ ಲೈನ್ ಮನೆಯೋರ ನಂಬರು ಸೇರಿಸೋ ಕೆಲಸ ರೈಟರಿಗೆ ವಹಿಸಿದೀನಿ. ಹಿಂದಿ ಕಾಲಿಗೆ ಧ್ವನಿ ಕೊಡೋರು ಇದ್ರೆ ಇಲ್ಲೇ ಹೇಳಿ.