ಅಂಡಾಣು ಕೊಟ್ಟರೆ ಹಣ ಕೊಡುತ್ತೇವೆ ಎನ್ನುತ್ತಿದ್ದಾರೆ, ಒಪ್ಪಬಹುದೇ?

ಪ್ರಶ್ನೆ: ನಾನು ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ, ವಯಸ್ಸು 24. ನಮ್ಮ ಪಿಜಿಗೆ ಬರುವ ಮಹಿಳೆಯೊಬ್ಬರು, ಮಕ್ಕಳಿಲ್ಲದ ದಂಪತಿಗೆ ಅಂಡಾಣು ಕೊಟ್ಟರೆ ಕೈತುಂಬ ಹಣ ಸಿಗುತ್ತದೆ, ಅಂಡಾಣು ಹೆಚ್ಚಾದಷ್ಟೂ ಮೊತ್ತವೂ ಹೆಚ್ಚು ಎನ್ನುತ್ತಾರೆ. ಹಿಂದೆ ಒಮ್ಮೆ ಕೊಟ್ಟಿದ್ದ ನನ್ನ ಗೆಳತಿಗೆ ಬೇರೆ ಹೆಸರಿನ ಆಧಾರ್ ಮಾಡಿಸಿ ಮತ್ತೆ ಕರೆಸಿಕೊಂಡಿದ್ದಾರೆ. ಇದರಲ್ಲಿ ತೊಂದರೆಯಿದೆಯೇ?

ಉತ್ತರ (ಸ್ತ್ರೀರೋಗ ತಜ್ಞೆ, ಉಡುಪಿ): ಒಪ್ಪಬೇಡಿ. ಅಂಡಾಣು ದಾನವೇ ತಪ್ಪೆಂದು ನಾನು ಹೇಳಲಾರೆ, ಅದಿಲ್ಲದೆ ತಾಯಿಯಾಗಲಾಗದ ಮಹಿಳೆಯರಿಗೆ ನಾನೇ ಅದನ್ನು ಸೂಚಿಸಿದ್ದುಂಟು. ನನ್ನ ಆಕ್ಷೇಪವಿರುವುದು ಬೀಡಿಯಂತೆ ಎಣಿಸಿ ಕೂಲಿ ಕೊಡುವ ಈ ಪದ್ಧತಿಗೆ.

ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡಾಣು ಪಕ್ವವಾಗುತ್ತದೆ. ಹಲವನ್ನು ಒಟ್ಟಿಗೆ ಪಡೆಯಲು ಸುಮಾರು 10ರಿಂದ 12 ದಿನ ಹಾರ್ಮೋನ್ ಚುಚ್ಚುಮದ್ದು ಕೊಟ್ಟು, ಬಳಿಕ ಮಂಪರು ಬರಿಸಿ, ಯೋನಿಮಾರ್ಗವಾಗಿ ಸೂಜಿ ಹಾಯಿಸಿ ಹೊರತೆಗೆಯುತ್ತಾರೆ. ಅಂಡಾಶಯ ಅತಿಯಾಗಿ ಪ್ರತಿಕ್ರಿಯಿಸಿದರೆ ಊದಿಕೊಂಡು, ರಕ್ತನಾಳಗಳಿಂದ ದ್ರವ ಸೋರಿ ಹೊಟ್ಟೆಯಲ್ಲಿ, ಕೆಲವೊಮ್ಮೆ ಎದೆಗೂಡಿನಲ್ಲೂ ತುಂಬುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ತೀವ್ರ ಸ್ವರೂಪ ವಿರಳವಾದರೂ ಜೀವಕ್ಕೇ ಎರವಾಗಬಲ್ಲದು. ಲಕ್ಷಣ ಕಂಡ ಕೂಡಲೇ ಎಚ್ಚರದ ವೈದ್ಯರು ಡೋಸ್ ತಗ್ಗಿಸುತ್ತಾರೆ, ಇಲ್ಲವೇ ಆ ಸಲದ ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಎಣಿಕೆಯ ಮೇಲೆ ಹಣ ನಿಂತಿರುವಲ್ಲಿ ಹಾಗೆ ಕೈಬಿಡಲು ಯಾರಿಗೆ ಮನಸ್ಸು ಬಂದೀತು?

2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ 23ರಿಂದ 35 ವರ್ಷದೊಳಗಿನ ಮಹಿಳೆ ಜೀವಮಾನದಲ್ಲಿ ಒಮ್ಮೆ ಮಾತ್ರ ಅಂಡಾಣು ಕೊಡಬಹುದು, ಏಳಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಮಾರಾಟ ಅಪರಾಧ. ದಾನಿಗೆ 12 ತಿಂಗಳ ವಿಮೆಯನ್ನು ಅಂಡಾಣು ಪಡೆಯುವ ದಂಪತಿಯೇ ಮಾಡಿಸಬೇಕು. ಸುಳ್ಳು ಆಧಾರ್ ಕೊಟ್ಟ ದಿನವೇ ಈ ರಕ್ಷಣೆಯೆಲ್ಲ ಅಸ್ತಿತ್ವದಲ್ಲೇ ಇಲ್ಲದ ಹೆಣ್ಣೊಬ್ಬಳ ಹೆಸರಿಗೆ ಹೋಗುತ್ತದೆ, ಚುಚ್ಚುಮದ್ದು ಮಾತ್ರ ನಿಮ್ಮ ಗೆಳತಿಯ ಮೈಗೆ. 2022ರಲ್ಲಿ ತಮಿಳುನಾಡಿನ ಈರೋಡಿನಲ್ಲಿ ನಕಲಿ ಆಧಾರ್ ತೋರಿಸಿ 16 ವರ್ಷದ ಹುಡುಗಿಯಿಂದ ಅಂಡಾಣು ತೆಗೆಸಿದ ಪ್ರಕರಣ ಹೊರಬಿದ್ದಿತ್ತು.

ಮರುಪ್ರಶ್ನೆ: ಗೆಳತಿಗೆ ಈಗಾಗಲೇ ಚುಚ್ಚುಮದ್ದು ಶುರುವಾಗಿದೆ. ಪೊಲೀಸರ ಭಯದಿಂದ ಬೇರೆ ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ.

ಉತ್ತರ: ಮೊದಲು ಆಕೆಯ ಜೀವ. ತೀವ್ರ ತೊಂದರೆ ಹೆಚ್ಚಾಗಿ ಕಾಣಿಸುವುದು ಅಂಡಾಣು ಪೂರ್ತಿ ಪಕ್ವವಾಗಲೆಂದು ಕೊನೆಯಲ್ಲಿ ಕೊಡುವ ಟ್ರಿಗರ್ ಚುಚ್ಚುಮದ್ದಿನ ನಂತರ. ಆದ್ದರಿಂದ ಅದಕ್ಕೆ ಮುಂಚೆಯೇ ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಔಷಧದ ಖಾಲಿ ಪೆಟ್ಟಿಗೆಗಳನ್ನೂ ಒಯ್ಯಿರಿ. ಹೊಟ್ಟೆ ಉಬ್ಬರ, ಬಿಡದ ವಾಂತಿ, ಉಸಿರಾಟದ ತೊಂದರೆ ಅಥವಾ ಮೂತ್ರ ಕಡಿಮೆಯಾಗುವುದು ಕಂಡರೆ ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ. ಕಾನೂನಿನ ಸಲಹೆಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಮಹಿಳೆಯರಿಗೆ ಅಲ್ಲಿ ನೆರವು ಉಚಿತ, ಸಹಾಯವಾಣಿ 15100.