ಟ್ಯೂನರ್‌ನಲ್ಲಿ ಗಾಂಧಾರ 14 ಸೆಂಟ್ ಕೆಳಗೆ: ಮೆಟ್ಟಿಲು ಸರಿಸಬೇಕೋ, ಕೀಬೋರ್ಡ್ ತಿದ್ದಬೇಕೋ?

ಸಾರಣಿ_ಕುವೆಂಪುನಗರ:
ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಬಡಾವಣೆಯ ಗಣಪತಿ ಕಾರ್ಯಕ್ರಮಕ್ಕೆ ವೀಣೆ, ಕೀಬೋರ್ಡ್ ಎರಡನ್ನೂ ಸೇರಿಸಿ ಮೋಹನ ರಾಗ ನುಡಿಸಬೇಕಿದೆ. ಶ್ರುತಿ ಮೂರು ಮನೆ, ಅಂದರೆ ಕೀಬೋರ್ಡಿನ ಇ. ಷಡ್ಜ, ಪಂಚಮ ಚೆನ್ನಾಗಿ ಕೂಡುತ್ತವೆ. ಗಾಂಧಾರ ಬಂತೆಂದರೆ ಎರಡೂ ವಾದ್ಯ ಜಗಳಕ್ಕೆ ನಿಲ್ಲುತ್ತವೆ. ಷಡ್ಜಕ್ಕೆ ಕೂಡಿಸಿದ ಮೊದಲ ತಂತಿ ಸಾರಣಿಯಲ್ಲಿ ಟ್ಯೂನರ್ ಆ್ಯಪ್ ಹೇಳುವುದು ಹೀಗೆ: 2ನೇ ಮೆಟ್ಟಿಲು ಪ್ಲಸ್ 4 ಸೆಂಟ್ (ಕೀಬೋರ್ಡಿನ ಅಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್), 4ನೆಯದು ಮೈನಸ್ 14, 9ನೆಯದು ಮೈನಸ್ 16. ಮೇಳ, ಅಂದರೆ ಮೇಣದ ಮೇಲೆ ಕೂರಿಸಿದ ಮೆಟ್ಟಿಲುಗಳ ಸಾಲು, ಈಚೆಗಷ್ಟೇ ಕಟ್ಟಿಸಿದ್ದು. ಮೆಟ್ಟಿಲು ಸರಿಸಿ ಸೊನ್ನೆಗೆ ತರಬೇಕೆ? ಇನ್ನೊಂದು, ಪಂಚಮದ ತಂತಿಯ 2ನೇ ಮೆಟ್ಟಿಲಲ್ಲಿ ಬರುವ ಧೈವತಕ್ಕೂ ಮಂದ್ರದ ತಂತಿಯ 9ನೇ ಮೆಟ್ಟಿಲಿನ ಧೈವತಕ್ಕೂ ಹೊಂದಿಕೆಯೇ ಇಲ್ಲ. ಎರಡೂ ಒಂದೇ ಸ್ವರ ತಾನೆ?

ಕೋಮಾ_ಲೆಕ್ಕ:
ಮೆಟ್ಟಿಲು ಮುಟ್ಟಬೇಡಿ. ನೀವು ಕೊಟ್ಟ ಮೂರೂ ಅಂಕಿ ನೋಡಿದರೆ ಮೇಳ ಕಟ್ಟಿದವರ ಕಿವಿ ಬಹಳ ಚೆನ್ನಾಗಿದೆ.

ಆ್ಯಪ್‌ನ ಸೊನ್ನೆ ಎಂದರೆ ಸ್ಥಾಯಿಯನ್ನು 1200 ಸೆಂಟ್ ಮಾಡಿ ಹನ್ನೆರಡು ಸಮಪಾಲು ಹಂಚಿದ್ದು. ಅದರಲ್ಲಿ ಅಂತರ ಗಾಂಧಾರ 400. ತಂಬೂರಿಯ ನಾದದೊಳಗಿಂದ ತಾನಾಗಿ ಹೊಮ್ಮುವ ಗಾಂಧಾರದ ಕಂಪನ ಷಡ್ಜದ 5/4 ಪಟ್ಟು, ಸೆಂಟ್ ಲೆಕ್ಕದಲ್ಲಿ ಅದು 386. ಆ 14 ಬಂದದ್ದು ಇಲ್ಲಿಂದ. ಇ ಷಡ್ಜ 164.8 ಹರ್ಟ್ಸ್ ಇದ್ದಾಗ 5/4 ಗಾಂಧಾರ 206, ಕೀಬೋರ್ಡಿನದು 207.65. ಪ್ರತಿ ಸ್ವರದೊಳಗೂ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಉಪಸ್ವರಗಳಿರುತ್ತವೆ; ಷಡ್ಜದ ಐದನೇ ಉಪಸ್ವರವೂ ಗಾಂಧಾರದ ನಾಲ್ಕನೇ ಉಪಸ್ವರವೂ ಒಂದೇ ಜಾಗಕ್ಕೆ ಬರಬೇಕು. ಕೀಬೋರ್ಡಿನಲ್ಲಿ ಸೆಕೆಂಡಿಗೆ ಆರೂವರೆ ಅಲೆಯಷ್ಟು ತಪ್ಪಿಹೋಗುತ್ತವೆ. ನಿಮಗೆ ಕೇಳುತ್ತಿರುವ ಜಗಳ ಅದೇ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಎರಡು ಸೆಕೆಂಡಿಗೆ ಒಂದು ಅಲೆ. ಯಾರೂ ಗಮನಿಸುವುದಿಲ್ಲ.

ಧೈವತದ ವಿಷಯವೇ ಸ್ವಾರಸ್ಯದ್ದು. 2ನೇ ಮೆಟ್ಟಿಲು ಸಾರಣಿಯಲ್ಲಿ ರಿಷಭ 9/8, ಅಂದರೆ 204 ಸೆಂಟ್. ಅದೇ ಮೆಟ್ಟಿಲನ್ನು ಪಂಚಮದ ತಂತಿಯಲ್ಲಿ ಒತ್ತಿದರೆ 702ಕ್ಕೆ 204 ಸೇರಿ 906. ಮಂದ್ರದ 9ನೇ ಮೆಟ್ಟಿಲು ಕೊಡುವುದು 5/3, ಅಂದರೆ 884. ನಡುವಿನ ಅಂತರ 21.5 ಸೆಂಟ್, 81/80 ಅನುಪಾತ. ನಾಟ್ಯಶಾಸ್ತ್ರದ ಭರತನ ಧ್ರುವವೀಣೆ-ಚಲವೀಣೆ ಪ್ರಯೋಗದಲ್ಲಿ (ಒಂದು ವೀಣೆಯ ಶ್ರುತಿ ಹಾಗೇ ಇಟ್ಟು ಇನ್ನೊಂದರದ್ದು ಇಳಿಸಿ ಹೋಲಿಸುವುದು) ಬರುವ ಪ್ರಮಾಣಶ್ರುತಿ ಇದೇ ಎಂದು ಈಗಿನವರು ಅರ್ಥ ಮಾಡುತ್ತಾರೆ. ನಿಮ್ಮ ವೀಣೆಯ ಎರಡು ತಂತಿಗಳಲ್ಲೇ ಅದನ್ನು ಕೇಳುತ್ತಿದ್ದೀರಿ. ಇದು ಕಟ್ಟಿದವರ ತಪ್ಪಲ್ಲ. ಷಡ್ಜದಿಂದ ಪ, ರಿ, ಧ, ಗ ಎಂದು ನಾಲ್ಕು ಶುದ್ಧ ಪಂಚಮ ಏರಿ ಎರಡು ಸ್ಥಾಯಿ ಕಳೆದರೆ ಸಿಗುವ ಗಾಂಧಾರ 408, 386 ಅಲ್ಲ. ಪಂಚಮಗಳೂ ಶುದ್ಧ, ಗಾಂಧಾರವೂ ಶುದ್ಧ ಎಂಬ ಶ್ರುತಿ ಲೆಕ್ಕದಲ್ಲೇ ಇಲ್ಲ. ಎಲ್ಲೋ ಒಂದು ಕಡೆ ಆ 21.5 ಬಿದ್ದೇ ಬೀಳುತ್ತದೆ.

ಮೇಣ_ಮೆಟ್ಟಿಲು:
ಮೇಲಿನವರ ಮಾತಿಗೆ ನನ್ನದೂ ದನಿ. ಸರಿಸಿದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಸೇರಿಸುತ್ತೇನೆ.

ಬಿರಡೆ ಕಡೆಯ ಮೇರುವಿನಿಂದ ಕೊಡದ ಮೇಲಿನ ಕುದುರೆಗೆ 80 ಸೆಂ.ಮೀ. ತಂತಿ ಎಂದಿಟ್ಟುಕೊಳ್ಳಿ. ಶುದ್ಧ ಗಾಂಧಾರ ಮೇರುವಿನಿಂದ 16.0 ಸೆಂ.ಮೀ., ಸಮಪಾಲಿನದು 16.5. ಅರ್ಧ ಸೆಂಟಿಮೀಟರ್ ಕಡಿಮೆಯೇನಲ್ಲ. ಧೈವತ 32.0 ಮತ್ತು 32.4. ತಾರ ಗಾಂಧಾರಕ್ಕೆ, 16ನೇ ಮೆಟ್ಟಿಲಿಗೆ, ಅದೇ 14 ಸೆಂಟ್ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಅಲ್ಲಿ ಮೇಣ ಸ್ವಲ್ಪ ಜಾರಿದರೂ ಸ್ವರ ಕೆಟ್ಟಿತು. ಮೆಟ್ಟಿಲನ್ನು ಸಮಪಾಲಿಗೆ ತಂದರೆ ಪ್ರತಿ ಮೀಟಿಗೂ ಜೊತೆಗೂಡುವ, ಷಡ್ಜ-ಪಂಚಮಕ್ಕೆ ಕೂಡಿಸಿದ ಪಕ್ಕದ ತಾಳದ ತಂತಿಗಳೇ ನಿಮ್ಮ ಗಾಂಧಾರದ ಮೇಲೆ ಅಲೆ ಎಬ್ಬಿಸುತ್ತವೆ. ಕೀಬೋರ್ಡ್ ಒಂದು ಸಂಜೆ ಇದ್ದು ಹೋಗುತ್ತದೆ, ತಾಳದ ತಂತಿ ವೀಣೆಯಲ್ಲೇ ಇರುತ್ತದೆ.

ಅಳತೆ ಇಟ್ಟುಕೊಂಡು ಮೆಟ್ಟಿಲು ಕೂರಿಸುವವರಿಗೆ ಒಂದು ಎಚ್ಚರಿಕೆ. ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಏರುತ್ತದೆ, ಆದ್ದರಿಂದ ನಿಜವಾದ ಜಾಗ ಲೆಕ್ಕಕ್ಕಿಂತ ಕೊಂಚ ಮೇರುವಿನ ಕಡೆಗಿರುತ್ತದೆ. 12ನೆಯದನ್ನು ಮೊದಲು ಕೂರಿಸಿ: ಅಲ್ಲಿ ತಂತಿಯನ್ನು ಬೆರಳಲ್ಲಿ ಮುಟ್ಟಿಯಷ್ಟೇ ಬರುವ ಸ್ವರವೂ ಒತ್ತಿದ ಸ್ವರವೂ ಒಂದಾಗಬೇಕು. ಒತ್ತಿದ್ದು ಹೆಚ್ಚಿದ್ದರೆ ಮೆಟ್ಟಿಲು ಮೇರುವಿನ ಕಡೆ. ಆಮೇಲೆ 7, 5, ನಂತರ 4, 2, 9. ಹಳೇ ತಂತಿಯಲ್ಲಿ ಈ ಕೆಲಸ ಬೇಡ. ಸವೆದ ತಂತಿ ಒಂದೊಂದು ಜಾಗದಲ್ಲಿ ಒಂದೊಂದು ಸುಳ್ಳು ಹೇಳುತ್ತದೆ. ಹೊಸದು ಹಾಕಿ, ಎಳೆದು, ಬಿರಡೆ ನಿಲ್ಲುವವರೆಗೆ ಕಾಯಿರಿ. ಮೀಟಿದ ಕ್ಷಣದಲ್ಲಿ ಸ್ವರ ಕೆಲವು ಸೆಂಟ್ ಮೇಲಿರುವುದರಿಂದ ಟ್ಯೂನರ್ ಅಂಕಿಯನ್ನು ಒಂದು ಸೆಕೆಂಡ್ ಬಿಟ್ಟು ಓದಬೇಕು.

9ನೇ ಮೆಟ್ಟಿಲಿನ ಧೈವತ 5/3 (884) ಇರಲೋ, 27/16 (906) ಇರಲೋ ಎಂಬ ಅನುಮಾನವೇ? ಕೆಳಗಿನದನ್ನೇ ಇಡಿ. ತಂತಿ ಎಳೆದು ಸ್ವರ ಏರಿಸಬಹುದು, ಇಳಿಸಲು ಬರುವುದಿಲ್ಲ. 2ನೇ ಮೆಟ್ಟಿಲಿಗೆ ಮಾತ್ರ ಈ ನಿಯಮ ಹಾಕಬೇಡಿ, ರಿಷಭ 182ಕ್ಕೆ ಇಳಿದರೆ ಪಂಚಮಕ್ಕೆ ಕೂಡುವುದಿಲ್ಲ. ಕೆಳಗಿನ ಧೈವತ ದೀರ್ಘವಾಗಿ ನಿಲ್ಲಬೇಕಾದಲ್ಲಿ ಮಂದ್ರದ 9ನೆಯದನ್ನು ಬಳಸಿ, ಅಥವಾ ಪಂಚಮದ ತಂತಿಯ 1ನೇ ಮೆಟ್ಟಿಲಿಂದ ಎಳೆಯಿರಿ. ಓಡುವ ಸಂಚಾರದಲ್ಲಿ ಆ 22 ಸೆಂಟ್ ಯಾರ ಕಿವಿಗೂ ಬೀಳದು.

ಕರಿಮನೆ_ಬಿಳಿಮನೆ:
ಹಾಗಾದರೆ ತಿದ್ದಬೇಕಾದದ್ದು ಕೀಬೋರ್ಡ್. ಸ್ಕೇಲ್ ಟ್ಯೂನ್ ಎಂಬ ಮೆನು ಇದೆಯೇ ನೋಡಿ. ಹನ್ನೆರಡು ಮನೆಗೂ ಬೇರೆಬೇರೆ ಸೆಂಟ್ ಕೊಡಲು ಬಂದರೆ ಸಾಕು. ಅರೇಬಿಕ್ ಸ್ಕೇಲ್ ಎಂಬ ಗುಂಡಿ ಒತ್ತಬೇಡಿ, ಅದು ಮನೆಯನ್ನು ನೇರ 50 ಸೆಂಟ್ ಇಳಿಸುತ್ತದೆ.

ಷಡ್ಜ ಇ ಆದರೆ ಮೋಹನಕ್ಕೆ: ಇ 0, ಎಫ್ ಶಾರ್ಪ್ ಪ್ಲಸ್ 4, ಜಿ ಶಾರ್ಪ್ ಮೈನಸ್ 14, ಬಿ ಪ್ಲಸ್ 2, ಸಿ ಶಾರ್ಪ್ ಮೈನಸ್ 16. ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿಟ್ಟೇ ಇ ಮನೆಯಿಂದ ನುಡಿಸಲಿ. ಕೆಲವು ಮಾದರಿಗಳಲ್ಲಿ ಟ್ರಾನ್ಸ್‌ಪೋಸ್ ಮಾಡಿದರೆ ಈ ತಿದ್ದುಪಡಿ ಜೊತೆಗೆ ಸರಿಯುವುದಿಲ್ಲ, ರಿಷಭಕ್ಕೆ ಹಾಕಿದ್ದು ಗಾಂಧಾರದ ತಲೆಗೆ ಕಟ್ಟಿಕೊಳ್ಳುತ್ತದೆ.

ಈಗ ಕಾರ್ಡ್. ಇ ಮೇಜರ್ ಮೊದಲಿಗಿಂತ ತಣ್ಣಗೆ ಕೇಳುತ್ತದೆ. ಎಫ್ ಶಾರ್ಪ್‌ನಿಂದ ಸಿ ಶಾರ್ಪ್ ಮಾತ್ರ 702ರ ಬದಲು 680 ಆಗಿ ಊಳಿಡುತ್ತದೆ. ಪಶ್ಚಿಮದವರು ಇಂಥ ಪಂಚಮಕ್ಕೆ ತೋಳ ಎಂದೇ ಹೆಸರಿಟ್ಟಿದ್ದಾರೆ. ಎಫ್ ಶಾರ್ಪ್ ಮೈನರ್ ಬಿಟ್ಟುಬಿಡಲು ಹೇಳಿ, ಬದಲಿಗೆ ಇ-ಬಿ ಹಿಡಿದು ನಿಲ್ಲಲಿ. ಆ ಕಾರ್ಡ್ ಬೇಕೇಬೇಕು ಎಂದು ಹಟ ಹಿಡಿದರೆ ಸಿ ಶಾರ್ಪ್ ಪ್ಲಸ್ 6ಕ್ಕೆ ಏರಿಸಬಹುದು, ಆಗ ನಿಮ್ಮ 9ನೇ ಮೆಟ್ಟಿಲಿಗೂ ಅವರಿಗೂ ಪುನಃ ಜಗಳ.

ಸಾರಣಿ_ಕುವೆಂಪುನಗರ:
ಮೂವರಿಗೂ ಧನ್ಯವಾದ. ಮೆನು ಸಿಕ್ಕಿತು, ಗಾಂಧಾರ ಕೂಡಿತು. ಕಲ್ಯಾಣಿಯನ್ನೂ ಸೇರಿಸೋಣ ಎನ್ನುತ್ತಿದ್ದಾರೆ. ಪ್ರತಿ ಮಧ್ಯಮ, ಕಾಕಲಿ ನಿಷಾದಕ್ಕೆ ಎಷ್ಟು?

ಕೋಮಾ_ಲೆಕ್ಕ:
ಎ ಶಾರ್ಪ್ ಮೈನಸ್ 10, ಡಿ ಶಾರ್ಪ್ ಮೈನಸ್ 12. ಅಂದರೆ 45/32 ಮತ್ತು 15/8. 11ನೇ ಮೆಟ್ಟಿಲು ಸಾರಣಿಯಲ್ಲಿ ಈ ನಿಷಾದ ಕೊಟ್ಟರೆ ಪಂಚಮದ ತಂತಿಯಲ್ಲಿ ತಾನಾಗಿ ಈ ಮಧ್ಯಮವನ್ನೇ ಕೊಡುತ್ತದೆ, ಇಲ್ಲಿ ವೀಣೆಯೂ ನಿಮ್ಮ ಪಕ್ಷ. ಕಂಪಿಸುವ ಸ್ವರಕ್ಕೆ ಈ ಅಂಕಿ ಏನೂ ಹೇಳದು, ನಿಲ್ಲುವ ಸ್ವರಕ್ಕೆ ಮಾತ್ರ. ಗಮಕ ಬರುವಲ್ಲಿ ಕೀಬೋರ್ಡಿನವರು ಕೈ ಎತ್ತಿ ಸುಮ್ಮನಿದ್ದರೆ ಒಳ್ಳೆಯದು.

ಮೇಣ_ಮೆಟ್ಟಿಲು:
ಕಾರ್ಯಕ್ರಮ ಶಾಮಿಯಾನದಡಿ ಅಲ್ಲವೇ? ವೀಣೆಯನ್ನು ಹ್ಯಾಲೊಜೆನ್ ದೀಪದ ನೇರಕ್ಕೆ ಇಡಬೇಡಿ. ಮೇಣ ಮೆತ್ತಗಾದರೆ ನೀವು ಜೋರಾಗಿ ಎಳೆಯುವ ಮೆಟ್ಟಿಲೇ ಮೊದಲು ಓರೆಯಾಗುವುದು.