ಪದಚರ್ಚೆ: ‘ಕಮ್ಯುನಿಕೆ’ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ಫಲಕದವನು:
ಎಲ್ಲರಿಗೂ ನಮಸ್ಕಾರ. ಜಿ20, ಬ್ರಿಕ್ಸ್, ಐಎಂಎಫ್‌ನಂಥ ಬಹುಪಕ್ಷೀಯ (ಹಲವು ದೇಶಗಳು ಸೇರಿದ) ಕೂಟ, ಸಂಸ್ಥೆಗಳಲ್ಲಿ ಭಾರತದ ಪಾತ್ರ ಅಂತ ನಮ್ಮ ಕಾಲೇಜಿನಲ್ಲಿ ಒಂದು ಪ್ರದರ್ಶನ ಇಡ್ತಿದ್ದಾರೆ. ಫಲಕಗಳ ಕನ್ನಡ ನನ್ನ ತಲೆಗೆ ಬಂದಿದೆ. ಫ್ಲೆಕ್ಸ್‌ನವನು ಆರು ಗಂಟೆಯೊಳಗೆ ಫೈಲ್ ಕೇಳಿದ್ದಾನೆ.

ಸಿಕ್ಕಿಬಿದ್ದಿರೋದು ನಮ್ಮ ಬೆಂಗಳೂರಿನ ಫಲಕದಲ್ಲೇ. 2023ರ ಫೆಬ್ರವರಿ 24–25ರಂದು ಜಿ20 ಹಣಕಾಸು ಸಚಿವರೂ ಕೇಂದ್ರೀಯ ಬ್ಯಾಂಕುಗಳ ಗವರ್ನರುಗಳೂ ಇಲ್ಲಿ ಸೇರಿದ್ದರಲ್ಲ, ಅದರ ಕೊನೆಗೆ ‘ಕಮ್ಯುನಿಕೆ’ (ಸಭೆ ಮುಗಿದ ಮೇಲೆ ಎಲ್ಲರೂ ಸೇರಿ ಹೊರಡಿಸೋ ಹೇಳಿಕೆ) ಬರಲಿಲ್ಲ. ‘ಚೇರ್ಸ್ ಸಮ್ಮರಿ ಅಂಡ್ ಔಟ್‌ಕಮ್ ಡಾಕ್ಯುಮೆಂಟ್’ ಬಂತು. ನಾನು ‘ಜಂಟಿ ಪ್ರಕಟಣೆ ಬರಲಿಲ್ಲ, ಅಧ್ಯಕ್ಷರ ಪ್ರಕಟಣೆ ಬಂತು’ ಅಂತ ಬರೆದಿದ್ದೆ. ಓದಿದ ವಿದ್ಯಾರ್ಥಿನಿ, ‘ಯಾವ ಅಧ್ಯಕ್ಷರು ಸಾರ್, ಬೈಡನ್ನಾ?’ ಅಂದಳು.

ಸುದ್ದಿಮನೆ:
‘ಜಂಟಿ ಹೇಳಿಕೆ’. ಪತ್ರಿಕೆಯಲ್ಲಿ ಎಷ್ಟೋ ವರ್ಷದಿಂದ ಇದನ್ನೇ ಹಾಕ್ತಿದ್ದೇವೆ. ಇದರಲ್ಲಿ ಚರ್ಚೆ ಏನಿದೆ?

ಅಚ್ಚಗನ್ನಡಿಗ:
ಪತ್ರಿಕೆಯವರು ಹಾಕಿದ್ದೆಲ್ಲ ಕನ್ನಡವಾಗೋದಾದರೆ ಈ ಗುಂಪೇ ಬೇಡ. ‘ಒಕ್ಕೊರಲೋಲೆ’ ಅನ್ನಿ. ಓಲೆ ಅಂದರೆ ಮೊದಲಿಗೆ ತಾಳೆಗರಿ. ಅದರ ಮೇಲೆ ಬರೆದದ್ದೂ ಓಲೆಯಾಯಿತು, ಸುರುಳಿ ಸುತ್ತಿ ಕಿವಿಗಿಟ್ಟದ್ದೂ ಓಲೆಯಾಯಿತು. ಕರೆಯೋಲೆ ಇವತ್ತಿಗೂ ಮನೆಮನೆಗೆ ಬರುತ್ತದೆ. ಎಲ್ಲರೂ ಒಂದೇ ಕೊರಲಲ್ಲಿ ಒಪ್ಪಿ ಹೊರಡಿಸಿದ್ದು ಒಕ್ಕೊರಲೋಲೆ. ಹಾಗೇ ನಿಮ್ಮ ಪ್ರದರ್ಶನದ ಆ ‘ಬಹುಪಕ್ಷೀಯ’ವನ್ನೂ ಕಿತ್ತು ಹಾಕಿ, ‘ಹಲಪಕ್ಕದ’ ಸಾಕು.

ಶಿರಸಿ:
‘ಪಕ್ಕ’ ‘ಪಕ್ಷ’ದ ತದ್ಭವ. ಸಂಸ್ಕೃತವನ್ನು ಮುಂಬಾಗಿಲಿಂದ ಓಡಿಸಿ ಹಿತ್ತಿಲಿಂದ ಕರೆದುಕೊಂಡಿದ್ದೀರಿ. ಇನ್ನು ನಿಮ್ಮ ಓಲೆಗೆ ಫ್ಲೆಕ್ಸ್‌ನವನು ಒಂದು ದೀರ್ಘ ಬಿಟ್ಟರೆ ಜಿ20ಯವರು ಒಲೆ ಹೊತ್ತಿಸಿದ ಹಾಗಾಗುತ್ತದೆ.

ನಿವೃತ್ತ ಬ್ಯಾಂಕಿಗ:
ಸ್ವಲ್ಪ ತಡೀರಿ. ಪದಕ್ಕೆ ಮೊದಲು ಅಲ್ಲಿ ಆದದ್ದೇನು ಅಂತ ನೋಡಿ. ಜಿ20ಯಲ್ಲಿ ಮತ ಹಾಕೋ ಪದ್ಧತಿ ಇಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ಕಮ್ಯುನಿಕೆ. ಬೆಂಗಳೂರಿನ ದಾಖಲೆಯಲ್ಲಿ 3 ಮತ್ತು 4ನೇ ಪ್ಯಾರಾ ಉಕ್ರೇನ್ ಯುದ್ಧದ್ದು, ಹಿಂದಿನ ವರ್ಷ ಬಾಲಿಯಲ್ಲಿ ಜಿ20 ನಾಯಕರು ಹೊರಡಿಸಿದ ಘೋಷಣೆಯಿಂದ ಎತ್ತಿಕೊಂಡದ್ದು. ರಷ್ಯಾ, ಚೀನಾ ಬಿಟ್ಟು ಉಳಿದ ಸದಸ್ಯ ದೇಶಗಳೆಲ್ಲ ಒಪ್ಪಿವೆ ಅಂತ ಅಡಿಟಿಪ್ಪಣಿಯಲ್ಲೇ ಬರೆದರು. ಹಾಗಾಗಿ ಆ ಕಾಗದ ಎಲ್ಲರ ಹೆಸರಲ್ಲಿ ಹೊರಡಲಿಲ್ಲ, ಅಧ್ಯಕ್ಷತೆ ವಹಿಸಿದ ಭಾರತದ ಹೆಸರಲ್ಲಿ ಹೊರಟಿತು. ಜುಲೈನಲ್ಲಿ ಗಾಂಧಿನಗರದಲ್ಲೂ ಇದೇ ಕತೆ. ಸೆಪ್ಟೆಂಬರ್ 9ರಂದು ದೆಹಲಿಯಲ್ಲಿ ಮಾತ್ರ ನಾಯಕರು 83 ಪ್ಯಾರಾಗಳ ಘೋಷಣೆಯನ್ನು ಪೂರ್ತಿ ಒಮ್ಮತದಿಂದ ಒಪ್ಪಿದರು.

ಅಂದಮೇಲೆ ‘ಜಂಟಿ’ ಸಾಲದು. ಇಬ್ಬರು ಸೇರಿದರೂ ಜಂಟಿಯೇ, ಬ್ಯಾಂಕಿನ ಜಂಟಿ ಖಾತೆ ನೋಡಿಲ್ವಾ? ಇಲ್ಲಿ ಬೇಕಾದ್ದು ‘ಒಮ್ಮತ’. ‘ಅಧ್ಯಕ್ಷರ’ ಅನ್ನೋದೂ ತಪ್ಪು. ಆ ಕುರ್ಚಿ ಮನುಷ್ಯರದ್ದಲ್ಲ, ದೇಶದ್ದು. ‘ಅಧ್ಯಕ್ಷ ದೇಶದ ಸಾರಾಂಶ’ ಅನ್ನಿ.

ಸುದ್ದಿಮನೆ:
ಇದು ಸರಿ. ನಾವೂ ತಪ್ಪು ಹಾಕಿರಬಹುದು. ಔಟ್‌ಕಮ್‌ಗೆ ‘ಫಲಶ್ರುತಿ ದಾಖಲೆ’?

ಶಿರಸಿ:
ಸತ್ಯನಾರಾಯಣ ಕತೆಯ ಕೊನೆಗೆ ಓದೋದು ಫಲಶ್ರುತಿ. ಬೇಡ.

ಫಲಕದವನು:
‘ಫಲಿತಾಂಶ’ ಅಂದರೆ ಹುಡುಗರಿಗೆ ಎಸ್ಸೆಸ್ಸೆಲ್ಸಿ ನೆನಪಾಗುತ್ತೆ. ಬಿಡಿಸಿಯೇ ಬರೆದೆ: ‘ಒಮ್ಮತದ ಹೇಳಿಕೆ ಸಾಧ್ಯವಾಗಲಿಲ್ಲ. ಚರ್ಚೆಯ ಸಾರಾಂಶವನ್ನೂ ಸಭೆ ಮುಟ್ಟಿದ ತೀರ್ಮಾನಗಳನ್ನೂ ಅಧ್ಯಕ್ಷ ದೇಶವಾದ ಭಾರತ ತನ್ನ ಹೆಸರಿನಲ್ಲಿ ಹೊರತಂದಿತು.’ ಐದೂ ಮುಕ್ಕಾಲಿಗೆ ಕಳಿಸಿಯಾಯ್ತು. ಬ್ಯಾಂಕಿನ ಸಾರ್‌ಗೆ ಕೈ ಮುಗಿದೆ. ಅಂದಹಾಗೆ ಹಂಪಿಯಲ್ಲಿ 2023ರ ಜುಲೈನಲ್ಲಿ ನಡೆದ ಸಭೆಯ ಫಲಕದಲ್ಲಿ ‘ಶೆರ್ಪಾ’ (ನಾಯಕರ ಪರವಾಗಿ ಮೊದಲೇ ಮಾತುಕತೆ ನಡೆಸೋ ಪ್ರತಿನಿಧಿ) ಅಂತಲೇ ಇಟ್ಟಿದ್ದೇನೆ, ಪರವಾಗಿಲ್ವಾ?

ಅಚ್ಚಗನ್ನಡಿಗ:
ಪರವಾಗಿದೆ. ನಾಯಕರಿಗಿಂತ ಮುಂಚೆ ಹೋಗಿ ದಾರಿ ಮಾಡಿಕೊಡುವವನು ‘ದಾರಿಬಲ್ಲ’. ಎಷ್ಟು ಸಲೀಸು! ಇದ್ದದ್ದನ್ನು ಬಿಟ್ಟು ಸಾಲ ಎತ್ತೋದೇ ನಮ್ಮ ಜಾಯಮಾನ.

ಶಿರಸಿ:
ಶೆರ್ಪಾ ಒಂದು ಜನಾಂಗದ ಹೆಸರು. ಟಿಬೆಟಿಯನ್ನಿನಲ್ಲಿ ‘ಶರ್’ ಅಂದರೆ ಮೂಡಲು, ‘ಪಾ’ ಅಂದರೆ ಅಲ್ಲಿಯವರು. ಅನುವಾದ ಮಾಡಲೇಬೇಕಾದರೆ ‘ಮೂಡಣದವ’ ಅನ್ನಬೇಕಾಗುತ್ತೆ, ಅದು ಕೋಲಾರದವರಿಗೂ ಸಲ್ಲುತ್ತದೆ. ಹಾಗೇ ಬಿಡಿ.

ನಿವೃತ್ತ ಬ್ಯಾಂಕಿಗ:
ಮೂವತ್ತೈದು ವರ್ಷ ಲೆಡ್ಜರ್ ಬರೆದವನ ಮಾತು ಕೇಳಿ ಸ್ವಾಮಿ. ಜಮಾ, ಖರ್ಚು, ಬಾಕಿ, ವಸೂಲಿ, ಖಜಾನೆ: ಹಣದ ಮಾತಿನಿಂದ ಅರಬಿ, ಪಾರಸಿ ವಾಪಸ್ ಕೊಟ್ಟರೆ ಕನ್ನಡಿಗನ ಕೈಯಲ್ಲಿ ಉಳಿಯೋದು ‘ಸಾಲ’ ಒಂದೇ.

ಅಚ್ಚಗನ್ನಡಿಗ:
‘ಬಡ್ಡಿ’ ಮರೆತಿರಿ.

ಶಿರಸಿ:
ವೃದ್ಧಿ.